ಪೇಟೆಂಟ್ ಓದುವ ಬಗೆ: ಪ್ರತಿಕಾಯ ಔಷಧ ಮತ್ತು ಸೌರಕೋಶದ ಉದಾಹರಣೆಗಳೊಂದಿಗೆ

ಪೇಟೆಂಟ್ ದಾಖಲೆಯನ್ನು ಮೊದಲ ಸಲ ತೆರೆದವರು ಶೀರ್ಷಿಕೆ ಓದುತ್ತಾರೆ, ಸಾರಾಂಶ ಓದುತ್ತಾರೆ, ಒಂದೆರಡು ಚಿತ್ರ ನೋಡಿ ಮುಚ್ಚಿಬಿಡುತ್ತಾರೆ. ಆಮೇಲೆ ‘ಇಂಥ ಕಂಪನಿ ಇಂಥದ್ದಕ್ಕೆ ಪೇಟೆಂಟ್ ಪಡೆದಿದೆ’ ಎಂದು ಹೇಳುತ್ತಾರೆ, ಬರೆಯುತ್ತಾರೆ. ಆದರೆ ಶೀರ್ಷಿಕೆಯಲ್ಲಾಗಲಿ, ಸಾರಾಂಶದಲ್ಲಾಗಲಿ, ಚಿತ್ರದಲ್ಲಾಗಲಿ ಹಕ್ಕು ಇರುವುದಿಲ್ಲ. ಹಕ್ಕು ಇರುವುದು ಕ್ರಮಸಂಖ್ಯೆ ಹಾಕಿ ಜೋಡಿಸಿದ ಕೆಲವು ಉದ್ದುದ್ದ ವಾಕ್ಯಗಳಲ್ಲಿ. ಅವನ್ನು ಕ್ಲೇಮ್ ಎನ್ನುತ್ತಾರೆ. ಜಮೀನಿನ ಪತ್ರದಲ್ಲಿ ಎಷ್ಟೇ ಪುಟ ಇದ್ದರೂ ಜಾಗ ಎಲ್ಲಿಂದ ಎಲ್ಲಿಯವರೆಗೆ ಎನ್ನುವುದನ್ನು ಚಕ್ಕುಬಂದಿ ಹೇಳುವಂತೆ, ಪೇಟೆಂಟಿನ ಗಡಿಯನ್ನು ಹೇಳುವುದು ಕ್ಲೇಮ್ ಮಾತ್ರ.

ವಿಜ್ಞಾನದ ವಿದ್ಯಾರ್ಥಿಗಳು, ಸಂಶೋಧಕರು, ಎಂಜಿನಿಯರುಗಳು, ಆರೋಗ್ಯ ಅಥವಾ ಇಂಧನದ ಬಗ್ಗೆ ಬರೆಯುವ ಪತ್ರಕರ್ತರು ಈ ದಾಖಲೆಗಳನ್ನು ತಾವೇ ಓದಿಕೊಳ್ಳಲಿ ಎಂಬುದು ಈ ಲೇಖನದ ಆಸೆ. ಉದಾಹರಣೆಗಳನ್ನು ಬೇಕೆಂದೇ ಒಂದಕ್ಕೊಂದು ದೂರವಿರುವ ಎರಡು ಕ್ಷೇತ್ರಗಳಿಂದ ತೆಗೆದುಕೊಂಡಿದ್ದೇನೆ. ಔಷಧವಾಗಿ ಬಳಸುವ ಪ್ರತಿಕಾಯ ಜೀವಕೋಶದೊಳಗೆ ತಯಾರಾಗುವ ದೊಡ್ಡ ಪ್ರೋಟೀನ್. ಅದನ್ನು ಅಮೈನೊ ಆಮ್ಲಗಳ ಸರಣಿಯಿಂದ ಅಥವಾ ಅದು ಮಾಡುವ ಕೆಲಸದಿಂದ ವಿವರಿಸಬೇಕು. ಸೌರಕೋಶವೋ ಪದರದ ಮೇಲೆ ಪದರ. ಅಲ್ಲಿ ದಪ್ಪ, ವಸ್ತು, ಪದರ ಕೂರಿಸುವ ವಿಧಾನ ಮುಖ್ಯ. ಇವೆರಡನ್ನೂ ಓದಲು ಬಂದವರಿಗೆ ನಡುವಿನ ಬಹುಪಾಲು ಕ್ಷೇತ್ರಗಳು ಕಷ್ಟವಾಗುವುದಿಲ್ಲ.

ಮೊದಲ ಹೆಜ್ಜೆ: ಏಕೆ ಓದುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ

ಒಂದೇ ದಾಖಲೆಯನ್ನು ಮೂರು ಉದ್ದೇಶಗಳಿಗೆ ಓದಬಹುದು, ಮೂರಕ್ಕೂ ಓದುವ ರೀತಿ ಬೇರೆ. ನಿಮ್ಮ ಯೋಚನೆ ಹೊಸದೇ ಎಂದು ತಿಳಿಯಬೇಕಾದರೆ ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಕಾಲದಲ್ಲಿ ಪ್ರಕಟವಾದದ್ದೂ ಲೆಕ್ಕಕ್ಕೆ ಬರುತ್ತದೆ. ಅವಧಿ ಮುಗಿದ ಪೇಟೆಂಟ್, ತಿರಸ್ಕೃತವಾದ ಅರ್ಜಿ, ಸಂಶೋಧನಾ ಪ್ರಬಂಧ ಎಲ್ಲವನ್ನೂ ನೋಡಬೇಕು, ಇಡೀ ದಾಖಲೆಯನ್ನು ಓದಬೇಕು. ಒಂದು ವಸ್ತುವನ್ನು ತಯಾರಿಸಿ ಮಾರಬಹುದೇ ಎಂಬುದು ಪ್ರಶ್ನೆಯಾದರೆ, ನೀವು ತಯಾರಿಸುವ, ಮಾರುವ ದೇಶದಲ್ಲಿ ಇಂದು ಜೀವಂತವಾಗಿರುವ ಪೇಟೆಂಟುಗಳ ಕ್ಲೇಮುಗಳಷ್ಟೇ ಮುಖ್ಯ. ಇನ್ನು ತಂತ್ರಜ್ಞಾನ ಕಲಿಯುವುದಷ್ಟೇ ಗುರಿಯಾದರೆ ಕ್ಲೇಮನ್ನು ಆಮೇಲೆ ನೋಡಿ, ನೇರವಾಗಿ ಪ್ರಯೋಗಗಳ ಭಾಗಕ್ಕೆ ಹೋಗಿ. ಈ ಮೂರನೆಯ ಬಗೆಯ ಓದನ್ನು ನಮ್ಮಲ್ಲಿ ಕಡೆಗಣಿಸಲಾಗಿದೆ ಎನ್ನುವುದು ನನ್ನ ಅನಿಸಿಕೆ. ಪ್ರಬಂಧಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ತಯಾರಿಕೆಯ ವಿವರ ಪೇಟೆಂಟಿನಲ್ಲಿ ತಾಪಮಾನ, ಸಮಯ, ಪ್ರಮಾಣ ಸಮೇತ ಪುಟಗಟ್ಟಲೆ ಸಿಗುತ್ತದೆ.

ಎರಡನೆಯ ಹೆಜ್ಜೆ: ದಾಖಲೆಯನ್ನು ಹುಡುಕಿ

ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್ ಮೂರೂ ಉಚಿತ. ಗೂಗಲ್‌ನಲ್ಲಿ ಹುಡುಕುವುದು ಸುಲಭ; ಕಾನೂನಿನ ಸ್ಥಿತಿಯನ್ನು ಮಾತ್ರ ಅದರಿಂದ ನಂಬಿ ಕೂರಬೇಡಿ, ಆಯಾ ದೇಶದ ಪೇಟೆಂಟ್ ಕಚೇರಿಯ ರಿಜಿಸ್ಟರಿನಲ್ಲೇ ನೋಡಿ.

ಮಾರುಕಟ್ಟೆಯ ಹೆಸರು ಹಾಕಿ ಹುಡುಕಿದರೆ ಮೂಲ ಪೇಟೆಂಟ್ ಬಹಳ ಸಲ ಸಿಗುವುದೇ ಇಲ್ಲ. ಅರ್ಜಿ ಹಾಕುವ ಹೊತ್ತಿಗೆ ಔಷಧಕ್ಕೆ ಇನ್ನೂ ಹೆಸರೇ ಇಟ್ಟಿರುವುದಿಲ್ಲ, ಪ್ರಯೋಗಾಲಯದ ಸಂಕೇತವಷ್ಟೇ ಇರುತ್ತದೆ. ಸಂಧಿವಾತಕ್ಕೆ ಕೊಡುವ ಅಡಾಲಿಮುಮಾಬ್ ಮೂಲ ಪೇಟೆಂಟಿನಲ್ಲಿ ‘ಡಿ2ಇ7’. ಕ್ಯಾನ್ಸರ್ ಔಷಧ ನಿವೊಲುಮಾಬ್ ‘5ಸಿ4’. ಕೊಲೆಸ್ಟರಾಲ್ ಇಳಿಸುವ ಎವೊಲೊಕುಮಾಬ್ ‘21ಬಿ12’. ಆದ್ದರಿಂದ ಮೊದಲು ಔಷಧದ ಹಳೆಯ ಪ್ರಬಂಧಗಳಿಂದ ಸಂಕೇತ ಪತ್ತೆಮಾಡಿ, ಇಲ್ಲವೇ ಅದು ಹಿಡಿಯುವ ಗುರಿ ಪ್ರೋಟೀನಿನ ಹೆಸರಿನಿಂದ ಹುಡುಕಿ. ಅಮೈನೊ ಆಮ್ಲಗಳ ಸರಣಿ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐ ನಡೆಸುವ ಬ್ಲಾಸ್ಟ್ ಎಂಬ ಸರಣಿ ಹುಡುಕಾಟದಲ್ಲಿ ಪೇಟೆಂಟ್ ಸರಣಿಗಳದ್ದೇ ಪ್ರತ್ಯೇಕ ಸಂಗ್ರಹವಿದೆ. ಸೌರಕೋಶಕ್ಕೂ ಇದೇ ಮಾತು. ‘ಟಾಪ್‌ಕಾನ್’ ಎಂಬ ಬಗೆಯ ಸೌರಕೋಶವನ್ನು ಆ ಹೆಸರಿನಿಂದ ಹುಡುಕುವುದಕ್ಕಿಂತ ಅದರ ರಚನೆಯನ್ನೇ ಹೇಳುವ ಮಾತುಗಳಿಂದ, ಅಂದರೆ ಟನೆಲ್ ಆಕ್ಸೈಡ್, ಪಾಲಿಸಿಲಿಕಾನ್, ಪ್ಯಾಸಿವೇಟೆಡ್ ಕಾಂಟ್ಯಾಕ್ಟ್ ಎಂದು ಹುಡುಕಿದರೆ ಫಲ ಹೆಚ್ಚು.

ಪದಗಳಿಗಿಂತ ಗಟ್ಟಿಯಾದ ಆಧಾರ ವರ್ಗೀಕರಣ ಸಂಕೇತ. ಪ್ರತಿಕಾಯಗಳಿಗೆ ‘ಸಿ07ಕೆ 16’. ಸಿಲಿಕಾನಿನಂಥ ಅಜೈವಿಕ ಸೌರಕೋಶಗಳು ಬಹಳ ಕಾಲ ‘ಎಚ್01ಎಲ್ 31’ರಲ್ಲಿದ್ದವು, 2025ರಿಂದ ಅವಕ್ಕೆ ‘ಎಚ್10ಎಫ್’ ಎಂಬ ಹೊಸ ವರ್ಗ ಬಂದಿದೆ. ಹಳೆಯ ಟಿಪ್ಪಣಿಗಳನ್ನು ನೆಚ್ಚಿಕೊಂಡು ಹುಡುಕುವವರು ಇದನ್ನು ಗಮನಿಸಬೇಕು. ಸಾವಯವ ವಸ್ತುಗಳ ಸೌರಕೋಶಕ್ಕೆ ‘ಎಚ್10ಕೆ 30’. ಸಂಕೇತದ ಜೊತೆ ಒಂದೆರಡು ಪದ ಸೇರಿಸಿ ಹುಡುಕಿದರೆ, ಬೇರೆ ಪದ ಬಳಸಿ ಬರೆದ ದಾಖಲೆಗಳೂ ಬಲೆಗೆ ಬೀಳುತ್ತವೆ.

ಮೂರನೆಯ ಹೆಜ್ಜೆ: ಮುಖಪುಟದ ದಿನಾಂಕಗಳು

ಮುಖಪುಟದಲ್ಲಿ ಆವರಣದೊಳಗೆ ಸಣ್ಣ ಅಂಕಿಗಳಿರುತ್ತವೆ. ಅವು ಎಲ್ಲ ದೇಶಗಳಿಗೂ ಸಾಮಾನ್ಯ, ಹಾಗಾಗಿ ಜಪಾನೀ ಅಥವಾ ಚೀನೀ ದಾಖಲೆಯಲ್ಲೂ ದಾರಿ ತೋರಿಸುತ್ತವೆ. (22) ಅರ್ಜಿ ಸಲ್ಲಿಸಿದ ದಿನ, (30) ಆದ್ಯತೆಯ ದಿನ, ಅಂದರೆ ಇದೇ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನ, (72) ಸಂಶೋಧಕರು, (73) ಹಕ್ಕುದಾರರು. ದಾಖಲೆಯ ಸಂಖ್ಯೆಯ ಕೊನೆಗೆ ‘ಎ’ ಇದ್ದರೆ ಅದು ಸಾಮಾನ್ಯವಾಗಿ ಪ್ರಕಟವಾದ ಅರ್ಜಿ, ‘ಬಿ’ ಇದ್ದರೆ ಮಂಜೂರಾದ ಪೇಟೆಂಟ್. ಸುದ್ದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲೇ ಹುಟ್ಟುವುದು: ಬರೀ ಅರ್ಜಿಯನ್ನು ಪೇಟೆಂಟ್ ಎಂದು ಬರೆದುಬಿಡುವುದು. ಅರ್ಜಿ ಸಾಮಾನ್ಯವಾಗಿ ಆದ್ಯತೆಯ ದಿನದಿಂದ 18 ತಿಂಗಳಿಗೆ ತಾನಾಗಿ ಪ್ರಕಟವಾಗುತ್ತದೆ. ಪ್ರಕಟವಾಗಿದೆ ಎಂದರೆ ಯಾರೋ ಒಪ್ಪಿದ್ದಾರೆ ಎಂದಲ್ಲ.

ಅಂತರರಾಷ್ಟ್ರೀಯ ಅರ್ಜಿಯಾಗಿದ್ದರೆ ಜೊತೆಗೆ ಶೋಧನಾ ವರದಿ ಇರುತ್ತದೆ. ಅದನ್ನು ತಪ್ಪದೇ ತೆರೆಯಿರಿ. ಪರೀಕ್ಷಕರು ಹಳೆಯ ದಾಖಲೆಗಳನ್ನು ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಒಂದು ಅಕ್ಷರ ಹಾಕಿರುತ್ತಾರೆ. ‘ಎಕ್ಸ್’ ಎಂದರೆ ಆ ಒಂದೇ ದಾಖಲೆ ಕ್ಲೇಮಿನ ಹೊಸತನವನ್ನೋ ಆವಿಷ್ಕಾರದ ಗುಣವನ್ನೋ ಪ್ರಶ್ನಿಸುವಷ್ಟು ಹತ್ತಿರದ್ದು. ‘ವೈ’ ಎಂದರೆ ಇನ್ನೊಂದರ ಜೊತೆ ಸೇರಿದರೆ ತೊಡಕಾಗುವಂಥದ್ದು. ‘ಎ’ ಬರೀ ಹಿನ್ನೆಲೆ. ನಾಲ್ಕೈದು ‘ಎಕ್ಸ್’ ಇರುವ ಅರ್ಜಿ ಮೊದಲಿನ ರೂಪದಲ್ಲೇ ಮಂಜೂರಾಗುವ ಸಂಭವ ಕಡಿಮೆ. ಒಂದೇ ಪುಟದಲ್ಲಿ ಇಷ್ಟು ತಿಳಿಸುವ ಭಾಗ ಪೇಟೆಂಟ್ ಕಡತದಲ್ಲಿ ಬೇರೆ ಇಲ್ಲ.

ನಾಲ್ಕನೆಯ ಹೆಜ್ಜೆ: ಕ್ಲೇಮನ್ನು ಒಡೆದು ಬರೆಯಿರಿ

ಕಾಗದ, ಪೆನ್ನು ಇಟ್ಟುಕೊಂಡು ಮಾಡಬೇಕಾದ ಕೆಲಸ ಇದು. ಮೊದಲು ಸ್ವತಂತ್ರ ಕ್ಲೇಮುಗಳನ್ನು ಗುರುತಿಸಿ, ಅಂದರೆ ‘ಕ್ಲೇಮ್ 1ರಲ್ಲಿ ಹೇಳಿದಂತೆ’ ಎಂದು ಇನ್ನೊಂದನ್ನು ಆಶ್ರಯಿಸದೇ ನಿಲ್ಲುವಂಥವು. ಆಮೇಲೆ ಪ್ರತಿಯೊಂದನ್ನೂ ಅಂಶಗಳಾಗಿ ಒಡೆಯಿರಿ.

ಅಭ್ಯಾಸಕ್ಕೆಂದೇ ಕಟ್ಟಿದ ಒಂದು ಕ್ಲೇಮ್ ನೋಡಿ: ‘ಎನ್-ಬಗೆಯ ಸಿಲಿಕಾನ್ ತಳ, ಅದರ ಹಿಂಬದಿಯಲ್ಲಿ 1ರಿಂದ 2 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಆಕ್ಸೈಡ್ ಪದರ, ಆ ಪದರದ ಮೇಲೆ ರಂಜಕ ಬೆರೆತ ಪಾಲಿಸಿಲಿಕಾನ್ ಪದರ, ಅದಕ್ಕೆ ತಾಗಿದ ಲೋಹದ ಸಂಪರ್ಕ, ಇವನ್ನು ಒಳಗೊಂಡ ಸೌರಕೋಶ.’ ಇಲ್ಲಿ ನಾಲ್ಕು ಅಂಶಗಳಿವೆ. ನಿಮ್ಮ ಕೋಶದಲ್ಲಿ ನಾಲ್ಕೂ ಇದ್ದರೆ ನೀವು ಗಡಿಯೊಳಗೆ. ಮುಂಬದಿಗೆ ಬೆಳಕು ಪ್ರತಿಫಲಿಸದಂತೆ ಇನ್ನೊಂದು ಪದರ ಹಚ್ಚಿದ ಮಾತ್ರಕ್ಕೆ ಹೊರಗೆ ಬಂದಂತಲ್ಲ, ಏಕೆಂದರೆ ‘ಒಳಗೊಂಡ’ ಎಂದು ಬರೆದ ಕ್ಲೇಮ್ ಹೆಚ್ಚುವರಿ ಅಂಶಗಳಿಗೆ ಬಾಗಿಲು ತೆರೆದೇ ಇಟ್ಟಿರುತ್ತದೆ. ನಾಲ್ಕರಲ್ಲಿ ಒಂದು ಅಂಶ ಇಲ್ಲದಿದ್ದರೆ ಅಕ್ಷರಶಃ ಹೊರಗೆ. ಆಕ್ಸೈಡ್ ಪದರ 3 ನ್ಯಾನೊಮೀಟರ್ ಇದ್ದರೆ? ಮೇಲ್ನೋಟಕ್ಕೆ ಹೊರಗೆ, ಆದರೆ ಅಂಚಿಗೆ ಹತ್ತಿರದ ಅಳತೆಗಳಲ್ಲಿ ‘ಸಮಾನ ರೂಪ’ ಎಂಬ ವಾದವನ್ನು ಕೆಲವು ದೇಶಗಳ ನ್ಯಾಯಾಲಯಗಳು ಕೇಳಿಸಿಕೊಳ್ಳುತ್ತವೆ. ಪದರವನ್ನು ಅಳೆದದ್ದು ಹೇಗೆ, ಎಲ್ಲಿ ಎಂಬ ಜಗಳವೂ ಹುಟ್ಟುತ್ತದೆ. ಅಂಚಿನಲ್ಲಿದ್ದೀರಿ ಎಂದಾದರೆ ಆ ಪ್ರಶ್ನೆ ವಕೀಲರದ್ದು, ನಿಮ್ಮದಲ್ಲ.

ಪ್ರತಿಕಾಯದ ಕ್ಲೇಮುಗಳು ಏಣಿಯ ಮೆಟ್ಟಿಲಿನಂತೆ ವಿಶಾಲದಿಂದ ಸಂಕುಚಿತಕ್ಕೆ ಇಳಿಯುತ್ತವೆ. ಅದನ್ನು ಅರ್ಥಮಾಡಿಕೊಳ್ಳಲು ಅಣುವಿನ ರಚನೆ ಸ್ವಲ್ಪ ಗೊತ್ತಿರಬೇಕು. ಔಷಧವಾಗಿ ಹೆಚ್ಚಾಗಿ ಬಳಸುವ ಬಗೆಯ ಪ್ರತಿಕಾಯದಲ್ಲಿ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ಒಂದೊಂದರ ತುದಿಯಲ್ಲೂ ಗುರಿಯನ್ನು ಹಿಡಿಯುವ ಮೂರು ಚಿಕ್ಕ ತುಣುಕುಗಳು. ಇವನ್ನು ಸಿಡಿಆರ್ ಎನ್ನುತ್ತಾರೆ. ಭಾರದ ಸರಪಳಿಯ ಮೂರು, ಹಗುರ ಸರಪಳಿಯ ಮೂರು, ಒಟ್ಟು ಆರು ತುಣುಕುಗಳೇ ಪ್ರತಿಕಾಯದ ಗುರುತು. ಅತ್ಯಂತ ವಿಶಾಲವಾದ ಕ್ಲೇಮಿನಲ್ಲಿ ಸರಣಿಯೇ ಇರುವುದಿಲ್ಲ. ‘ಇಂಥ ಪ್ರೋಟೀನನ್ನು ಹಿಡಿದು ಇಂಥ ಕ್ರಿಯೆಯನ್ನು ತಡೆಯುವ ಯಾವುದೇ ಪ್ರತಿಕಾಯ’ ಎಂದಿರುತ್ತದೆ. ಅದರ ಕೆಳಗೆ ಆರು ಸಿಡಿಆರ್‌ಗಳ ಸರಣಿ ಕೊಟ್ಟ ಕ್ಲೇಮ್, ಅದಕ್ಕಿಂತ ಕೆಳಗೆ ಪೂರ್ತಿ ಸರಪಳಿಗಳ ಸರಣಿ ಕೊಟ್ಟ ಕ್ಲೇಮ್. ಆಮೇಲೆ ಔಷಧದ ದ್ರಾವಣ, ಡೋಸಿನ ಕ್ರಮ, ಯಾವ ಕಾಯಿಲೆಗೆ ಎಂಬ ಕ್ಲೇಮುಗಳು.

ನಡುವೆ ‘ಶೇ 90ರಷ್ಟು ಸಾಮ್ಯ ಇರುವ ಸರಣಿ’ ಎಂಬ ಮಾತು ಕಂಡರೆ ಅಲ್ಲಿ ನಿಂತು ಲೆಕ್ಕ ಹಾಕಿ. ಭಾರದ ಸರಪಳಿಯ ಬದಲಾಗುವ ಭಾಗದಲ್ಲಿ, ಅಂದರೆ ಸಿಡಿಆರ್‌ಗಳಿರುವ ತುದಿಯಲ್ಲಿ, ಸುಮಾರು 120 ಅಮೈನೊ ಆಮ್ಲಗಳಿರುತ್ತವೆ. ಶೇ 90 ಎಂದರೆ 12 ಜಾಗಗಳನ್ನು ಬದಲಿಸಬಹುದು, ಒಂದೊಂದು ಜಾಗಕ್ಕೂ 19 ಬೇರೆ ಆಯ್ಕೆಗಳು. ಆ ಒಂದು ಸಾಲಿನೊಳಗೆ ಎಣಿಸಲಾಗದಷ್ಟು ಅಣುಗಳು ಸೇರಿಕೊಂಡವು. ಅದೇ ಹೊತ್ತಿಗೆ ಸಿಡಿಆರ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಹಿಡಿತ ತಪ್ಪಿಹೋಗಬಹುದು. ಹಾಗಾಗಿ ಬದಲಾವಣೆಗೆ ಅವಕಾಶ ಸಿಡಿಆರ್ ಒಳಗೋ ಹೊರಗೋ ಎಂದು ಕ್ಲೇಮ್ ಹೇಳುತ್ತದೆಯೇ ಎಂದು ನೋಡಿ.

ಐದನೆಯ ಹೆಜ್ಜೆ: ಕೇಳಿದ್ದೆಷ್ಟು, ಮಾಡಿ ತೋರಿಸಿದ್ದೆಷ್ಟು

ಪೇಟೆಂಟ್ ಓದಿನ ಜೀವಾಳ ಇಲ್ಲಿದೆ. ಒಂದು ಕಡೆ ಕ್ಲೇಮಿನ ಅಗಲ, ಇನ್ನೊಂದು ಕಡೆ ಪ್ರಯೋಗಗಳ ಭಾಗದಲ್ಲಿ ನಿಜವಾಗಿ ಮಾಡಿದ ಕೆಲಸ. ಇವೆರಡರ ನಡುವಿನ ಅಂತರವನ್ನು ಅಳೆಯಿರಿ. ದೊಡ್ಡ ದೊಡ್ಡ ಮೊಕದ್ದಮೆಗಳು ನಡೆಯುವುದು ಈ ಅಂತರದ ಮೇಲೆಯೇ.

ಅಮ್ಜೆನ್ ಮತ್ತು ಸನೋಫಿ ನಡುವಿನ ವ್ಯಾಜ್ಯದಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ತೆಗೆಯುವ, ಜೀವಕೋಶದ ಮೇಲಿನ ಗ್ರಾಹಕಗಳನ್ನು (ರಿಸೆಪ್ಟರ್) ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಹಾಳುಗೆಡವುತ್ತದೆ. ಅದನ್ನು ತಡೆಯುವ ಪ್ರತಿಕಾಯವನ್ನು ಎರಡೂ ಕಂಪನಿಗಳು ಬೇರೆಬೇರೆಯಾಗಿ ತಯಾರಿಸಿದವು: ಅಮ್ಜೆನ್‌ನದು ಎವೊಲೊಕುಮಾಬ್, ಸನೋಫಿಯದು ಅಲಿರೊಕುಮಾಬ್. 2011ರಲ್ಲಿ ಎರಡೂ ತಮ್ಮತಮ್ಮ ಪ್ರತಿಕಾಯದ ಸರಣಿಗೆ ಅಮೆರಿಕದ ಪೇಟೆಂಟ್ ಪಡೆದವು. ಅಲ್ಲಿಗೆ ತಕರಾರಿರಲಿಲ್ಲ. 2014ರಲ್ಲಿ ಅಮ್ಜೆನ್ ಇನ್ನೆರಡು ಪೇಟೆಂಟ್ ಪಡೆಯಿತು. ಪಿಸಿಎಸ್‌ಕೆ9ನ ನಿರ್ದಿಷ್ಟ ಜಾಗವನ್ನು ಹಿಡಿದು ಅದು ಗ್ರಾಹಕಕ್ಕೆ ಅಂಟದಂತೆ ತಡೆಯುವ ಎಲ್ಲ ಪ್ರತಿಕಾಯಗಳೂ ತನ್ನವು ಎಂದು ಕೇಳಿತು. ದಾಖಲೆಯಲ್ಲಿ ಸರಣಿ ಸಮೇತ ಕೊಟ್ಟದ್ದು 26 ಪ್ರತಿಕಾಯಗಳು. ಉಳಿದವನ್ನು ಕಂಡುಕೊಳ್ಳಲು ಎರಡು ವಿಧಾನ ಹೇಳಿತ್ತು: ಪ್ರತಿಕಾಯಗಳನ್ನು ತಯಾರಿಸಿ ಒಂದೊಂದನ್ನೂ ಪರೀಕ್ಷಿಸುತ್ತಾ ಹೋಗುವುದು, ಅಥವಾ ಗೊತ್ತಿರುವುದರಲ್ಲಿ ಅಮೈನೊ ಆಮ್ಲಗಳನ್ನು ಬದಲಿಸಿ ಮತ್ತೆ ಪರೀಕ್ಷಿಸುವುದು. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕ್ಲೇಮುಗಳನ್ನು ಒಪ್ಪಲಿಲ್ಲ. ಹೆಚ್ಚು ಕೇಳಿದಷ್ಟೂ ಹೆಚ್ಚು ಹೇಳಿಕೊಡಬೇಕು, ಇಲ್ಲಿ ಕೊಟ್ಟದ್ದು ಓದುಗರಿಗೆ ಮತ್ತೆ ಸಂಶೋಧನೆ ಮಾಡಿಕೊಳ್ಳಿ ಎಂಬ ಕೆಲಸ ಮಾತ್ರ ಎಂಬುದು ತೀರ್ಪಿನ ತಿರುಳು. ನನಗೆ ಈ ತೀರ್ಪು ನ್ಯಾಯವೆನಿಸುತ್ತದೆ. ಒಂದು ಕಾಯಿಲೆಗೆ ಎರಡನೆಯ, ಮೂರನೆಯ ಔಷಧ ಬರಬೇಕಾದರೆ ಕೆಲಸವನ್ನಷ್ಟೇ ವರ್ಣಿಸಿ ಇಡೀ ಬಯಲಿಗೆ ಬೇಲಿ ಹಾಕಲು ಬಿಡಬಾರದು.

ನೀವು ಮಾಡಬೇಕಾದ್ದು ಇಷ್ಟು: ಪ್ರಯೋಗಗಳ ಭಾಗದಲ್ಲಿ ನಿಜವಾಗಿ ತಯಾರಿಸಿ ಪರೀಕ್ಷಿಸಿದ ಅಣುಗಳೆಷ್ಟು ಎಂದು ಎಣಿಸಿ. ಹಿಡಿತದ ಬಲವನ್ನು ಸಾಮಾನ್ಯವಾಗಿ ನ್ಯಾನೊಮೋಲಾರ್ ಅಥವಾ ಪಿಕೊಮೋಲಾರ್‌ನಲ್ಲಿ ಕೊಟ್ಟಿರುತ್ತಾರೆ. ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ. ಪ್ರಯೋಗ ನಡೆದದ್ದು ಪ್ರಯೋಗಾಲಯದ ಜೀವಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ಗುರುತು ಹಾಕಿಕೊಳ್ಳಿ. ಕ್ಯಾನ್ಸರ್ ವಾಸಿಮಾಡುವ ವಿಧಾನ ಎಂದು ಕ್ಲೇಮ್ ಇರಬಹುದು, ಪುರಾವೆ ಇಲಿಯಲ್ಲಿ ನಿಂತಿರಬಹುದು. ಪೇಟೆಂಟ್ ಸಿಕ್ಕಿದ್ದು ಔಷಧ ಕೆಲಸ ಮಾಡುತ್ತದೆ ಎಂಬ ಪ್ರಮಾಣಪತ್ರವಲ್ಲ. ಅದನ್ನು ಹೇಳಬೇಕಾದವರು ಔಷಧ ನಿಯಂತ್ರಕರು. ರೋಗಿಗಳಿಗೆ ಸುದ್ದಿ ಮುಟ್ಟಿಸುವವರು ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಾದರೂ ಬರೆಯಲೇಬೇಕು.

ಸೌರಕೋಶದ ಪೇಟೆಂಟಿನಲ್ಲಿ ದಕ್ಷತೆಯ ಅಂಕಿಯೊಂದೇ ಸಾಲದು. ಅಳತೆ ಪ್ರಮಾಣಿತ ಸ್ಥಿತಿಯಲ್ಲಿ, ಅಂದರೆ ಚದರ ಮೀಟರಿಗೆ 1000 ವ್ಯಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಡೆದಿದೆಯೇ? ಕೋಶದ ವಿಸ್ತೀರ್ಣ ಎಷ್ಟು? ಉಗುರಿಗಿಂತ ಚಿಕ್ಕ ಕೋಶದಲ್ಲಿ ಬಂದ ದಕ್ಷತೆ ದೊಡ್ಡ ಫಲಕದಲ್ಲಿ ಹಾಗೇ ಉಳಿಯುವುದಿಲ್ಲ. ಪೆರೊವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತುವಿನ ಕೋಶವಾದರೆ ಬಾಳಿಕೆಯ ಕೋಷ್ಟಕವನ್ನು ಮೊದಲು ಹುಡುಕಿ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ತಂಡದ ಪ್ರಬಂಧದಲ್ಲಿ ಶೇ 3.8ರಷ್ಟಿದ್ದ ದಕ್ಷತೆ ಬಹಳ ಬೇಗ ಏರಿತು. ತೇವ ಮತ್ತು ಬಿಸಿಯನ್ನು ತಾಳಿಕೊಳ್ಳುವುದು ಮಾತ್ರ ಹಟ ಹಿಡಿದು ಕೂತ ಸಮಸ್ಯೆ. ಫಲಕಗಳ ರೂಢಿಯ ಪರೀಕ್ಷೆ 85 ಡಿಗ್ರಿ ಉಷ್ಣತೆ, ಶೇ 85 ತೇವಾಂಶದಲ್ಲಿ 1000 ಗಂಟೆ. ಅದರ ಮಾತೇ ಇಲ್ಲದ ದಾಖಲೆಯಲ್ಲಿ ದಕ್ಷತೆಯ ಸಾಲಿಗೆ ಕಡಿಮೆ ತೂಕ ಕೊಡಿ. ಒಂದೇ ಜೋಡಣೆಯ, ಅಂದರೆ ಬೆಳಕು ಹೀರುವ ವಸ್ತು ಒಂದೇ ಇರುವ ಕೋಶಕ್ಕೆ, ಬೆಳಕನ್ನು ಸಾಂದ್ರಗೊಳಿಸದೇ ಇದ್ದಾಗ, ಸುಮಾರು ಶೇ 33ರ ಮಿತಿ ಇದೆ ಎನ್ನುವುದು 1961ರ ಶಾಕ್ಲಿ-ಕ್ವೈಸರ್ ಲೆಕ್ಕಾಚಾರದಿಂದ ಬಂದ ತಿಳಿವಳಿಕೆ. ಅದನ್ನು ಮೀರಿದ ಅಂಕಿ ಕಂಡರೆ ಒಂದರ ಮೇಲೊಂದು ಕೂರಿಸಿದ ಜೋಡಿ ಕೋಶವೇ ಎಂದು ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮ. ಪೇಟೆಂಟಿನ ಎಲ್ಲ ಉದಾಹರಣೆಗಳೂ ನಡೆದ ಪ್ರಯೋಗಗಳಲ್ಲ. ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬ ಊಹೆಯ ಉದಾಹರಣೆಗಳಿಗೂ ಅವಕಾಶವಿದೆ. ಅಮೆರಿಕದ ರೂಢಿಯಲ್ಲಿ, ಮಾಡದ ಪ್ರಯೋಗವನ್ನು ಭೂತಕಾಲದಲ್ಲಿ ಬರೆಯುವಂತಿಲ್ಲ. ‘ಕಾಯಿಸಲಾಯಿತು, ಅಳೆಯಲಾಯಿತು’ ಎಂದಿದೆಯೋ ‘ಕಾಯಿಸಲಾಗುತ್ತದೆ, ಅಳೆಯಲಾಗುತ್ತದೆ’ ಎಂದಿದೆಯೋ ಎಂದು ಕ್ರಿಯಾಪದಗಳನ್ನು ಗಮನಿಸಿ.

ಆರನೆಯ ಹೆಜ್ಜೆ: ಕುಟುಂಬ ಮತ್ತು ಆಯುಷ್ಯ

ಪೇಟೆಂಟ್ ದೇಶ ದೇಶಕ್ಕೆ ಬೇರೆ. ಒಂದೇ ಆವಿಷ್ಕಾರದಿಂದ ಹುಟ್ಟಿದ ಬೇರೆಬೇರೆ ದೇಶಗಳ ದಾಖಲೆಗಳನ್ನು ಕುಟುಂಬ ಎನ್ನುತ್ತಾರೆ. ಎಸ್ಪಾಸ್‌ನೆಟ್ ಅವನ್ನು ಒಟ್ಟಿಗೇ ತೋರಿಸುತ್ತದೆ. ಅಣ್ಣತಮ್ಮಂದಿರ ಹಣೆಬರಹ ಒಂದೇ ಆಗಬೇಕಿಲ್ಲ. ಕೋಶದ ಮೇಲ್ಮೈಯನ್ನು ಎರಡು ಪದರಗಳಿಂದ ರಕ್ಷಿಸುವ ಆವಿಷ್ಕಾರದ ಮೇಲೆ ಹನ್ವಾ ಕ್ಯೂ ಸೆಲ್ಸ್ ಕಂಪನಿ ಪ್ರತಿಸ್ಪರ್ಧಿಗಳ ವಿರುದ್ಧ ಅಮೆರಿಕದಲ್ಲೂ ಜರ್ಮನಿಯಲ್ಲೂ ದಾವೆ ಹೂಡಿತ್ತು. 2020ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಉಲ್ಲಂಘನೆ ಇಲ್ಲ ಎಂದಿತು. ಅದೇ ವರ್ಷ ಡ್ಯೂಸೆಲ್‌ಡಾರ್ಫ್ ನ್ಯಾಯಾಲಯ ಯುರೋಪಿಯನ್ ಪೇಟೆಂಟಿನ ಉಲ್ಲಂಘನೆ ಆಗಿದೆ ಎಂದಿತು. ಹಾಗಾಗಿ ಒಂದು ದೇಶದ ಕ್ಲೇಮ್ ಓದಿ ಇನ್ನೊಂದು ದೇಶದ ಬಗ್ಗೆ ತೀರ್ಮಾನಿಸಬೇಡಿ.

ಆಯುಷ್ಯದ ಲೆಕ್ಕ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ, ನಿಗದಿತ ಶುಲ್ಕ ಕಟ್ಟುತ್ತಾ ಬಂದರೆ. ಔಷಧಗಳಿಗೆ ಕೆಲವು ದೇಶಗಳು ಹೆಚ್ಚುವರಿ ಅವಧಿ ಕೊಡುತ್ತವೆ. ಅಡಾಲಿಮುಮಾಬ್‌ನ ಮೂಲ ಅಮೆರಿಕನ್ ಪೇಟೆಂಟಿಗೆ ಅರ್ಜಿ ಬಿದ್ದದ್ದು 1996ರ ಫೆಬ್ರುವರಿಯಲ್ಲಿ, ಅವಧಿ ಮುಗಿದದ್ದು 2016ರ ಡಿಸೆಂಬರ್ 31ಕ್ಕೆ. ಆದರೂ ಅಲ್ಲಿ ಅದರ ಬಯೋಸಿಮಿಲರ್ (ಮೂಲ ಔಷಧವನ್ನು ಬಹುತೇಕ ಹೋಲುವ, ಬೇರೆ ಕಂಪನಿಯ ಔಷಧ) ಮಾರುಕಟ್ಟೆಗೆ ಬಂದದ್ದು 2023ರ ಜನವರಿಯಲ್ಲಿ. ಯುರೋಪಿನಲ್ಲಿ 2018ರ ಅಕ್ಟೋಬರಿನಲ್ಲೇ ಬಂದಿತ್ತು. ದ್ರಾವಣದ ಮೇಲೆ, ಡೋಸಿನ ಮೇಲೆ, ತಯಾರಿಕೆಯ ವಿಧಾನದ ಮೇಲೆ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಪೇಟೆಂಟುಗಳು ಸೇರಿಕೊಂಡಿದ್ದವು, ಆಮೇಲೆ ಕಂಪನಿಗಳ ನಡುವೆ ರಾಜಿ ಒಪ್ಪಂದಗಳಾದವು. ‘ಪೇಟೆಂಟ್ ಮುಗಿಯಿತು, ಔಷಧ ಅಗ್ಗವಾಗುತ್ತದೆ’ ಎಂದು ಬರೆಯುವ ಮುನ್ನ ಆ ಔಷಧದ ಸುತ್ತ ಇರುವ ಎಲ್ಲ ಪೇಟೆಂಟುಗಳನ್ನೂ ಪಟ್ಟಿ ಮಾಡಿ.

ಏಳನೆಯ ಹೆಜ್ಜೆ: ನಿಮ್ಮದೇ ಆವಿಷ್ಕಾರ ಇದ್ದರೆ

ಪ್ರಕಟಿಸುವ ಮುನ್ನ ಅರ್ಜಿ ಸಲ್ಲಿಸಿ. 1954ರಲ್ಲಿ ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್, ಪಿಯರ್ಸನ್ ಸುಮಾರು ಶೇ 6ರಷ್ಟು ದಕ್ಷತೆಯ ಸಿಲಿಕಾನ್ ಸೌರಕೋಶವನ್ನು ಸಾರ್ವಜನಿಕರಿಗೆ ತೋರಿಸಿದ್ದು ಏಪ್ರಿಲ್ 25ರಂದು. ಪೇಟೆಂಟ್ ಅರ್ಜಿ ಮಾರ್ಚ್ 5ರಂದೇ ಸಲ್ಲಿಕೆಯಾಗಿತ್ತು. ಇತ್ತ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಮಾನೋಕ್ಲೋನಲ್ ಪ್ರತಿಕಾಯ (ಒಂದೇ ಜೀವಕೋಶದ ವಂಶದಿಂದ ಬರುವ, ಒಂದೇ ತೆರನಾದ ಪ್ರತಿಕಾಯ) ತಯಾರಿಸುವ ವಿಧಾನವನ್ನು 1975ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಆಗಲೇ ಇಲ್ಲ. ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು, ಇಡೀ ಪ್ರತಿಕಾಯ ಔಷಧ ಉದ್ಯಮ ಆ ತೆರೆದ ವಿಧಾನದ ಮೇಲೆ ಬೆಳೆಯಿತು. ಪೇಟೆಂಟ್ ಬೇಡ, ಎಲ್ಲರೂ ಬಳಸಲಿ ಎಂದು ತಿಳಿದೇ ನಿರ್ಧರಿಸುವುದು ಗೌರವದ ಆಯ್ಕೆ. ಗೊತ್ತಿಲ್ಲದೇ ಕಳೆದುಕೊಳ್ಳುವಂತೆ ಆಗಬಾರದು ಅಷ್ಟೇ.

ಸಮ್ಮೇಳನದ ಪೋಸ್ಟರ್, ಪ್ರಬಂಧದ ಪೂರ್ವಮುದ್ರಣ, ಎಲ್ಲರಿಗೂ ಓದಲು ಸಿಗುವ ಪಿಎಚ್.ಡಿ. ಪ್ರಬಂಧ ಎಲ್ಲವೂ ಪ್ರಕಟಣೆಯೇ. ಅಮೆರಿಕದಲ್ಲಿ ಸಂಶೋಧಕರಿಗೆ ತಮ್ಮದೇ ಪ್ರಕಟಣೆಯ ನಂತರ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಮೊದಲ ಅರ್ಜಿಯ ನಂತರ ಬೇರೆ ದೇಶಗಳಿಗೆ ಹೋಗಲು 12 ತಿಂಗಳು; ಆ ಅವಧಿಯೊಳಗೆ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ದೇಶಗಳನ್ನು ಆರಿಸಿಕೊಳ್ಳಲು ಹೆಚ್ಚಿನ ಕಡೆ ಮೊದಲ ದಿನದಿಂದ 30 ತಿಂಗಳವರೆಗೆ ಸಮಯ.

ಪೇಟೆಂಟ್ ವಕೀಲರ ಬಳಿ ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ನಿಮ್ಮ ಆವಿಷ್ಕಾರಕ್ಕೆ ಅತ್ಯಂತ ಹತ್ತಿರವೆನಿಸಿದ ಮೂರ್ನಾಲ್ಕು ದಾಖಲೆಗಳು, ಅವುಗಳ ಕ್ಲೇಮನ್ನು ಒಡೆದು ಬರೆದ ಹಾಳೆ, ಪ್ರತಿ ಅಂಶದ ಎದುರಿಗೆ ನಿಮ್ಮದರಲ್ಲಿ ಅದು ಇದೆಯೋ ಇಲ್ಲವೋ ಎಂಬ ಟಿಪ್ಪಣಿ, ದಿನಾಂಕ ಹಾಕಿದ ಪ್ರಯೋಗದ ಪುಸ್ತಕ ಇಷ್ಟನ್ನು ತೆಗೆದುಕೊಂಡು ಹೋಗಿ. ಪ್ರಯೋಗಕ್ಕೆ ಯಾರು ಯಾವ ಯೋಚನೆ ಕೊಟ್ಟರು ಎಂಬುದನ್ನೂ ಬರೆದಿರಿ. ಪಿಡಿ-1 ಎಂಬ ಪ್ರೋಟೀನನ್ನು ತಡೆಯುವ ಕ್ಯಾನ್ಸರ್ ಚಿಕಿತ್ಸೆಯ ಪೇಟೆಂಟುಗಳಲ್ಲಿ ಬಿಟ್ಟುಹೋಗಿದ್ದ ಇಬ್ಬರು ಸಹಸಂಶೋಧಕರ ಹೆಸರನ್ನು ಸೇರಿಸಬೇಕೆಂಬ ಆದೇಶವನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಆ ಮೂಲ ಸಹಯೋಗ ನಡೆದು ಆಗಲೇ ಎರಡು ದಶಕ ಕಳೆದಿದ್ದವು.